ಬಿಚ್ಚಿ ಕಟ್ಟಿದ ಗಂಟು

ನಮ್ಮ ಚಿಕ್ಕಪ್ಪನಿಗೆ ಯಾರನ್ನೂ ನಂಬಿ ಅಭ್ಯಾಸವಿರಲಿಲ್ಲ. ಚಿಕ್ಕಮ್ಮ ಬಾಗಿಲು ಹಾಕಿ ಬಂದರೆ, ಎದ್ದು ಹೋಗಿ ಚಿಲಕ ಅಲ್ಲಾಡಿಸಿ ನೋಡುವ ಆಸಾಮಿ. "ಮದುವೆ ದಿನ ಮದುಮಗಳು ನಾನೇ ಹೌದೋ ಅಲ್ವೋ ಅಂತ ಎರಡೆರಡು ಸಲ ನೋಡಿದ್ರು" ಎಂದು ಚಿಕ್ಕಮ್ಮ ನಗಿಸುತ್ತಿದ್ದಳು. ಮನೆಯಲ್ಲಿ ನಗೆಪಾಟಲಾಗಿದ್ದ ಈ ಗುಣ ಕೆಲಸದಲ್ಲಿ ಪ್ರಾಣಕ್ಕೇ ಕುತ್ತು ತಂದಿತು.

ಎತ್ತರದ ಕಟ್ಟಡಗಳ ಗಾಜು ಒರೆಸುವುದು ಅವನ ಕೆಲಸ. ಚಿಕ್ಕಪ್ಪ ಹಗ್ಗದಲ್ಲಿ ಇಳಿದು ಒರೆಸಬೇಕು, ಜೊತೆಯವನು ತಾರಸಿಯ ಮೇಲೆ ನಿಂತು ಕಾಯಬೇಕು. ಆ ಕಾಲಕ್ಕೆ ಒಂದೇ ಹಗ್ಗ. ಅದನ್ನು ಕಬ್ಬಿಣದ ಬಳೆಗೆ ಕಟ್ಟುವವನು ಮೇಲಿರುವವನೇ. ಇಳಿಯುವವನು ಗಂಟು ಮುಟ್ಟಕೂಡದು. ಇಳಿಯುವ ಆತುರದಲ್ಲಿ ಕೈ ತಪ್ಪುತ್ತದೆ ಎಂದು ಹಳಬರು ಮಾಡಿದ್ದ ಕಟ್ಟಳೆ ಅದು. ಮುಟ್ಟಿದವನಿಗೆ ಕೆಲಸವಿಲ್ಲ.

ಜೊತೆಯವನು ಬೇರೆ ಜನಾಂಗದವನು. ಕಪ್ಪು ಮೈ, ಒತ್ತಾದ ಗುಂಗುರು ಕೂದಲು. ಎಲ್ಲರೂ ಅವನನ್ನು ಗುಂಗುರು ಎಂದೇ ಕರೆಯುತ್ತಿದ್ದರು. ನಿಜವಾದ ಹೆಸರೇನೆಂದು ನಾಲ್ಕು ತಿಂಗಳಾದರೂ ಚಿಕ್ಕಪ್ಪ ಕೇಳಿರಲಿಲ್ಲ. "ಅಂಥವರ ಕೈಗೆ ನನ್ನ ಜೀವ ಕೊಡೋದಾ?" ಎಂದು ಮನೆಯಲ್ಲಿ ಗೊಣಗುತ್ತಿದ್ದ. ಗುಂಗುರು ಹಗ್ಗ ಕಟ್ಟಿ, ಬಕೆಟ್ ತುಂಬಲು ನಲ್ಲಿಯ ಕಡೆ ಹೋದದ್ದೇ ತಡ, ಇವನು ಗಂಟು ಬಿಚ್ಚಿ ತಾನೇ ಮತ್ತೆ ಕಟ್ಟುತ್ತಿದ್ದ. ದಿನಾ ಇದೇ.

ಅವತ್ತು ನಲ್ಲಿಯ ಹತ್ತಿರವಿದ್ದ ಗುಂಗುರುವನ್ನು ಮೇಸ್ತ್ರಿ ಏನೋ ಕೇಳಲು ಕೂಗಿ ಕರೆದ. ಚಿಕ್ಕಪ್ಪ ಅಷ್ಟರಲ್ಲಿ ಇಳಿದಾಗಿತ್ತು. ಒಂಬತ್ತನೇ ಮಹಡಿಯ ಕಿಟಕಿಗೆ ಸೋಪು ಹಚ್ಚುತ್ತಿದ್ದಾಗ ಹಗ್ಗ ಗೇಣುದ್ದ ಜಾರಿತು. ನಿಂತಿತು. ಮತ್ತೆ ಜಾರಿತು.

ಮೇಲೆ ಗುಂಗುರು ತಿರುಗಿ ಬಂದು ನೋಡಿದರೆ ಗಂಟು ಸಡಿಲಗೊಂಡು ಹಗ್ಗದ ತುದಿ ಬಳೆಯಿಂದ ಜಾರಿ ಹೋಗುತ್ತಿದೆ. ಎರಡೂ ಕೈಯಲ್ಲಿ ಹಿಡಿದು, ಕಟ್ಟೆಗೋಡೆಗೆ ಕಾಲು ಒತ್ತಿ ನಿಂತ. ಹಗ್ಗ ಅಂಗೈಯ ಚರ್ಮ ಕಿತ್ತುಕೊಂಡು ಓಡಿತು, ಅವನು ಬಿಡಲಿಲ್ಲ. ಮೇಸ್ತ್ರಿ ಓಡಿ ಬಂದು ಕೈ ಕೊಟ್ಟ ಮೇಲೆ ಇಬ್ಬರೂ ಸೇರಿ ಚಿಕ್ಕಪ್ಪನನ್ನು ಮೇಲೆಳೆದರು.

ಚಿಕ್ಕಪ್ಪ ಉಸಿರು ತೆಗೆದುಕೊಳ್ಳುವ ಮೊದಲೇ ಮೇಸ್ತ್ರಿ ಗುಂಗುರುವಿನ ಮೇಲೆ ಹರಿಹಾಯ್ದ. ಮೇಸ್ತ್ರಿ ನಮ್ಮ ಜನಾಂಗದವನೇ.

"ನಿಮ್ಮ ಜನಕ್ಕೆ ಕೆಲಸ ಕೊಟ್ಟಿದ್ದೇ ನನ್ನ ತಪ್ಪು. ಒಂದು ಗಂಟು ಹಾಕೋಕೆ ಬರಲ್ಲ. ನಾಳೆಯಿಂದ ಬರಬೇಡ."

ಗುಂಗುರು ಚಿಕ್ಕಪ್ಪನ ಮುಖ ಒಮ್ಮೆ ನೋಡಿ, ರಕ್ತ ಸುರಿಯುವ ಕೈಗಳನ್ನು ಅಂಗಿಗೆ ಒತ್ತಿಕೊಂಡು ಮೆಟ್ಟಿಲ ಕಡೆ ನಡೆದ. ಚಿಕ್ಕಪ್ಪ ಬಾಯಿ ಮುಚ್ಚಿಕೊಂಡಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಗುಂಗುರು ಮೆಟ್ಟಿಲು ಮುಟ್ಟುವ ತನಕ ತಾನು ಸುಮ್ಮನೆ ಕೂತಿದ್ದನ್ನೂ ಚಿಕ್ಕಪ್ಪ ನಮ್ಮಿಂದ ಮುಚ್ಚಿಡಲಿಲ್ಲ.

"ಮೇಸ್ತ್ರಿ, ಆ ಗಂಟು ನಂದು" ಎಂದ ಕೊನೆಗೆ. "ಅವನು ಸರಿಯಾಗೇ ಕಟ್ಟಿದ್ದ. ನಾನು ಬಿಚ್ಚಿ ಕಟ್ಟಿದೆ."

"ಯಾಕೆ?"

ಚಿಕ್ಕಪ್ಪ ನೆಲ ನೋಡಿದ. "ಅವನು ಕಟ್ಟಿದ್ದು ಅಂತ."

ತಪ್ಪು ಗುಂಗುರುವಿನದು ಎಂದಾಗ ಕೆಲಸವೇ ಹೋಗಿತ್ತು. ಚಿಕ್ಕಪ್ಪನದು ಎಂದು ತಿಳಿದ ಮೇಲೆ, ಗುಂಗುರುವನ್ನು ವಾಪಸ್ಸು ಕರೆದು, ಚಿಕ್ಕಪ್ಪನಿಗೆ ಒಂದು ವಾರ ಮನೆಯಲ್ಲಿ ಕೂತು ಬಾ ಎಂದನಂತೆ ಮೇಸ್ತ್ರಿ, ಅಷ್ಟೇ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಎಂಟನೇ ದಿನ ಚಿಕ್ಕಪ್ಪ ತಾರಸಿ ಹತ್ತಿದಾಗ ಗುಂಗುರು ಅಲ್ಲೇ ಇದ್ದ. ಅಂಗೈಗೆ ಬಟ್ಟೆ ಸುತ್ತಿತ್ತು.

"ನನ್ನ ಮೇಲೆ ಸಿಟ್ಟಿದ್ಯಾ?" ಎಂದು ಚಿಕ್ಕಪ್ಪ ಕೇಳಿದ.

"ಇದೆ. ನಾಲ್ಕು ತಿಂಗಳಿಂದ ಇದೆ."

"ನಿಂಗೆ ಗೊತ್ತಿತ್ತಾ?"

"ದಿನಾ ನಲ್ಲಿಯಿಂದ ಬಂದು ನಾನು ಬೂಟಿನ ದಾರ ಕಟ್ಕೊಳ್ಳೋಕೆ ಬಳೆ ಹತ್ರ ಬಗ್ತಿದ್ನಲ್ಲ, ಯಾತಕ್ಕೆ ಅಂದ್ಕೊಂಡೆ? ನೀನು ಕಟ್ಟಿದ್ದನ್ನ ಬಿಗಿ ಮಾಡ್ತಿದ್ದೆ. ಅವತ್ತು ಮೇಸ್ತ್ರಿ ಕರೆದ್ರು, ಆಗಲಿಲ್ಲ."

ಗುಂಗುರು ಹಗ್ಗವನ್ನು ಚಿಕ್ಕಪ್ಪನ ಕೈಗಿಟ್ಟ.

"ಇವತ್ತು ನಾನು ಇಳೀತೀನಿ. ನೀನು ಕಟ್ಟು."

ಚಿಕ್ಕಪ್ಪ ಕಟ್ಟಿದ್ದನ್ನೇ ಮೂರು ಸಲ ಬಿಚ್ಚಿ, ನಾಲ್ಕನೇ ಸಲ ಕಟ್ಟಿದ. "ಒಂದ್ಸಲ ನೋಡ್ಕೊಂಡು ಹೋಗೋ" ಎಂದು ಬೇಡಿಕೊಂಡ. "ಮುಟ್ಟಬಾರದು ಅಂತ ಇದೆಯಲ್ಲ" ಎಂದವನೇ ಗುಂಗುರು ಕಟ್ಟೆ ದಾಟಿ ಇಳಿದ.

ಅವನು ವಾಪಸ್ಸು ಮೇಲೆ ಬರುವವರೆಗೂ ಚಿಕ್ಕಪ್ಪ ಆ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲವಂತೆ. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ.