ಹಪ್ಪಳಕ್ಕೆ ಪ್ರತಿಯಾಗಿ

ಗಲ್ಫಿನ ಹಳೆಯ ಪೇಟೆ ಸೂಕ್ ವಾಕಿಫ್‌ನ ಒಂದು ಗಲ್ಲಿಯಲ್ಲಿ ಹಸನಾಕರ ಚೀನಾ ಪಿಂಗಾಣಿಯ ಅಂಗಡಿ ಇದೆ. ಉಳ್ಳಾಲದಲ್ಲಿ ನಮ್ಮ ನೆರೆಯವರಾದ ಅವರ ಅಕ್ಕ ಕಳಿಸಿದ ಹಲಸಿನ ಹಪ್ಪಳದ ಕಟ್ಟನ್ನು ಕೊಟ್ಟು ಹೊರಡುವುದಷ್ಟೇ ನನ್ನ ಕೆಲಸವಾಗಿತ್ತು. ಅವರು ಹಪ್ಪಳವನ್ನು ಮೂಸಿ ನೋಡಿದರು. ಆಮೇಲೆ ಖರ್ಜೂರದ ಡಬ್ಬಿ, ಕೇಸರಿ, ಕೊನೆಗೆ ಕಪಾಟಿನಿಂದ ನೀಲಿ ಹೂವಿನ ದೊಡ್ಡ ತಟ್ಟೆಯನ್ನೂ ತೆಗೆದು ಅಕ್ಕನಿಗೆಂದು ನನ್ನ ಮುಂದಿಟ್ಟರು. ಕಪಾಟಿನಲ್ಲಿ ಉಳಿದದ್ದು ಹೆಚ್ಚೇನಿರಲಿಲ್ಲ. ನಾನಿದ್ದಷ್ಟು ಹೊತ್ತು ಒಬ್ಬ ಗಿರಾಕಿಯೂ ಬರಲಿಲ್ಲ.

“ಇಷ್ಟೆಲ್ಲ ಬೇಡ ಹಸನಾಕ, ತಟ್ಟೆ ಮಾರಾಟಕ್ಕಿರಲಿ,” ಎಂದೆ.

“ಎಂತ ಮಾರಾಯ್ತಿ, ಹಪ್ಪಳ ತಿಂದು ಸುಮ್ನೆ ಕೂತ ಅಂತ ಅಕ್ಕ ಊರಿಡೀ ಹೇಳ್ಲಿಕ್ಕಾ? ಖಲಾಸ್, ಮಾತಾಡ್ಬೇಡ.”

ನಾನು ಓದಿದ್ದು ಚೀನಾದ ಸಮುದ್ರ ವ್ಯಾಪಾರದ ಇತಿಹಾಸ. ಕಡಲಾಚೆಯ ರಾಯಭಾರಿಗಳು ಮೆಣಸು ತಂದೊಪ್ಪಿಸಿದರೆ ಚಕ್ರವರ್ತಿ ಅದಕ್ಕಿಂತ ಬೆಲೆಬಾಳುವ ರೇಷ್ಮೆ, ಪಿಂಗಾಣಿ ಕೊಟ್ಟು ಕಳಿಸುತ್ತಿದ್ದ. ಬೊಕ್ಕಸ ಬರಿದಾಗುತ್ತಿದ್ದರೂ ಕಡಿಮೆ ಕೊಡುವುದು ಅವನ ಘನತೆಗೆ ಕುಂದು. ರಾಯಭಾರಿ ಬೇಡವೆನ್ನುವಂತಿರಲಿಲ್ಲ.

ಹಸನಾಕ ತಟ್ಟೆಗೆ ಕಾಗದ ಸುತ್ತುತ್ತ, “ಅಂಗಡಿ ಜೋರುಂಟು ಅಂತ ಅಕ್ಕನಿಗೆ ಹೇಳು, ಆಯ್ತಾ?” ಎಂದರು.

“ಹೇಳ್ತೇನೆ,” ಎಂದು ಎರಡೂ ಕೈ ಚಾಚಿದೆ.