ಕೆಂಪು ಗೆರೆ ಕಾಣಬಾರದು

ಎಡಗೈ ಚಿಲಕದ ಹಿಡಿಯ ಮೇಲೆ, ಬಲ ಅಂಗೈ ತಲೆಯ ಮೇಲಿನ ಗಾಜಿಗೆ ಒತ್ತಿ, ಕಣ್ಣು ಮುಚ್ಚಿ ವಿಮಾನದ ಸೀಟಿನಲ್ಲಿ ಕುಳಿತ ಹೆಂಗಸೊಬ್ಬರನ್ನು ಬೆಳಿಗ್ಗೆ ಎಂಟರ ಹೊತ್ತಿಗೆ ನಮ್ಮ ಹ್ಯಾಂಗರಿಗೆ ಬಂದವರೆಲ್ಲ ನೋಡಿರುತ್ತಾರೆ. ಪ್ರಾರ್ಥನೆ ನಡೆದಿದೆ ಎಂದುಕೊಂಡು ಹೊಸಬರು ಬಾಗಿಲಲ್ಲೇ ನಿಂತುಬಿಡುವುದುಂಟು. ನಡೆದಿರುವುದು ಪರೀಕ್ಷೆ. ಗಾಜನ್ನು ಮೇಲಕ್ಕೆ ಒತ್ತಿದಾಗ ಚಿಲಕ ಎಷ್ಟು ಅಲುಗಿತು ಎಂಬುದನ್ನು ಕಣ್ಣಿಗಿಂತ ಅಂಗೈ ಸರಿಯಾಗಿ ಹೇಳುತ್ತದೆ ಎಂಬುದು ಅವರ ನಂಬಿಕೆ. ಆಗ ಅವರನ್ನು ಮಾತನಾಡಿಸುವಂತಿಲ್ಲ. ಸಂಘದ ಅಧ್ಯಕ್ಷರೇ ಬಂದು ನಿಂತರೂ “ಇರಿ” ಎಂಬ ಒಂದೇ ಮಾತು, ಅದೂ ಕಣ್ಣು ತೆರೆಯದೆ. ಅವರು ಇಳಿದುಹೋದ ಮೇಲೆ ಗಾಜಿನ ಮೇಲೆ ಐದು ಬೆರಳಿನ ಗುರುತು ಉಳಿಯುತ್ತದೆ. ಗಾಜು ಒರೆಸುವವರು ಇಪ್ಪತ್ತೆಂಟು ವರ್ಷದಿಂದ ಗೊಣಗುತ್ತಿದ್ದಾರೆ.

ಮನೆಯ ಶೆಡ್ಡಿನಲ್ಲಿ ತಾವೇ ವಿಮಾನ ಕಟ್ಟಿಕೊಂಡು ಹಾರುವವರ ಲೋಕ ಚಿಕ್ಕದು; ನಮ್ಮ ಸಂಘ ಅಂಥವರದು. ಆ ಚಿಕ್ಕ ಲೋಕದಲ್ಲಿ ಎಂಜಿನ್ನಿನ ಬಗ್ಗೆ ಮಾತನಾಡುವವರು ನೂರು ಮಂದಿ, ರೆಕ್ಕೆಯ ಬಗ್ಗೆ ಮಾತನಾಡುವವರು ಐವತ್ತು ಮಂದಿ. ಸೀಟಿನ ಮೇಲೆ ಕವಿಯುವ ಗಾಜಿನ ಮುಚ್ಚಳದ ಚಿಲಕದ ಬಗ್ಗೆ ಬೇಸರವಿಲ್ಲದೆ ಮಾತನಾಡುತ್ತ ಬಂದವರು ಒಬ್ಬರೇ. ತಂದೆ ತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿದೆ. ನಮಗೆಲ್ಲ ಅವರು ಚಿಲಕದಕ್ಕ. ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಾರೆ. ಈ ಅಭಿನಂದನ ಗ್ರಂಥ ಬಿಡುಗಡೆಯಾಗುವ ದಿನ, ಅವರೂ ಅವರ ಯಜಮಾನರೂ ಹನ್ನೆರಡು ವರ್ಷ ಕೂತು ಕಟ್ಟಿದ ಎರಡು ಸೀಟಿನ ಹಳದಿ ವಿಮಾನವನ್ನು ಅವರೇ ಹಾರಿಸುತ್ತಾರೆ ಎಂದು ಆಹ್ವಾನಪತ್ರದಲ್ಲಿ ಅಚ್ಚಾಗಿದೆ. ಅದಕ್ಕೆ ಬೇಕಾದ ಪರೀಕ್ಷಕಿಯ ಸಹಿ ನನ್ನದು. ಆ ಸಹಿಯ ಕಥೆ ಹೇಳದೆ ಅಕ್ಕನನ್ನು ಅಭಿನಂದಿಸಲು ನನಗೆ ಬರುವುದಿಲ್ಲ.

ಅಕ್ಕ ಇಲ್ಲಿಗೆ ಬಂದದ್ದು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಬಿಡಿಭಾಗಗಳ ಉಗ್ರಾಣದ ಗುಮಾಸ್ತೆಯಾಗಿ. ಬಿದ್ದ ವಿಮಾನಗಳ ಚೂರುಗಳಿಗೆ ಚೀಟಿ ಕಟ್ಟಿ ಇಡುವ ಕೆಲಸವೂ ಅವರ ಪಾಲಿಗೆ ಬಂದಿತ್ತು. ಇತರರು ಚೀಟಿ ಕಟ್ಟಿ ಮರೆಯುತ್ತಿದ್ದಲ್ಲಿ ಅವರು ವರದಿಗಳನ್ನೂ ಓದಿದರು. ಮೂರು ವರ್ಷ ಓದಿದ ಮೇಲೆ ಒಂದು ಪುಟದ ಟಿಪ್ಪಣಿ ಬರೆದರು. ನೆಲ ಬಿಟ್ಟ ಕೆಲವೇ ಕ್ಷಣಗಳಲ್ಲಿ ಮುಚ್ಚಳ ತೆರೆದುಕೊಂಡಾಗ ಗಾಳಿ ನುಗ್ಗುತ್ತದೆ, ಸದ್ದಾಗುತ್ತದೆ, ಆದರೂ ಹೆಚ್ಚಿನ ವಿಮಾನಗಳು ಹಾರುತ್ತಲೇ ಇರುತ್ತವೆ. ಬೀಳುವುದು, ಹಾರಿಸುವವನು ಹಾರಿಸುವುದನ್ನು ಬಿಟ್ಟು ಮುಚ್ಚಳದ ಕಡೆ ಕೈ ಚಾಚಿದಾಗ. ಉಗ್ರಾಣದ ಹುಡುಗಿಗೆ ಇದೆಲ್ಲ ಯಾಕೆ ಎಂದವರೇ ಐದು ವರ್ಷದ ನಂತರ ಅವರನ್ನು ಪರೀಕ್ಷಕಿಯನ್ನಾಗಿ ನೇಮಿಸಿದರು.

ಅವರ ತರಬೇತಿ ಸರಳವಾಗಿತ್ತು, ಸ್ವಲ್ಪ ನೋವಿನದೂ ಆಗಿತ್ತು. ನಿಂತ ವಿಮಾನದಲ್ಲಿ ಕೂರಿಸಿ, ಎಂಜಿನ್ನಿನ ಬಗ್ಗೆ ಏನೋ ಪ್ರಶ್ನೆ ಕೇಳುತ್ತ, ಹೊರಗಿನಿಂದ ಥಟ್ಟನೆ ಮುಚ್ಚಳ ಎತ್ತಿಬಿಡುತ್ತಿದ್ದರು. ಕೈ ಮೇಲಕ್ಕೆ ಎದ್ದರೆ ಬೆರಳ ಗಂಟಿನ ಮೇಲೆ ಮರದ ಅಡಿಕೋಲಿನ ಏಟು. ನಿವೃತ್ತ ಬಸ್ಸು ಚಾಲಕರೊಬ್ಬರಿದ್ದರು, ಎಲ್ಲರಿಗೂ ಡ್ರೈವರ್ ಮಾವ. ಅವರಿಗೂ ಬಿತ್ತು.

“ಮೂವತ್ತು ವರ್ಷ ಬಸ್ಸು ಓಡ್ಸಿದೀನಮ್ಮ. ಬಾಗಿಲು ತೆಗೆದಿದ್ರೂ ಓಡ್ಸಿದೀನಿ. ನನಗೇ ಪಾಠನಾ?”

“ಬಸ್ಸಲ್ಲಿ ಕಂಡಕ್ಟರ್ ಇರ್ತಿದ್ದ ಮಾವ. ಇಲ್ಲಿ ನೀವೊಬ್ರೇ. ಕೈ ಕೆಳಗಿಡಿ.”

ನಾನು ಆ ಹೊತ್ತಿಗೆ ಹ್ಯಾಂಗರಿನ ಮೂಲೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವವಳು. ಸೀಟಿನ ಕುಶನ್ ಹೊಲಿಯುವುದು, ಮುಚ್ಚಳದ ಅಂಚಿಗೆ ಗಾಳಿ ನೀರು ನುಗ್ಗದಂತೆ ರಬ್ಬರು ಪಟ್ಟಿ ಅಂಟಿಸುವುದು ನನ್ನ ಕೆಲಸ. ಎಂಟು ತಿಂಗಳ ಮಗಳನ್ನು ಬಿಟ್ಟು ಬರಲು ಯಾರೂ ಇರಲಿಲ್ಲ. ಪ್ರೊಪೆಲ್ಲರ್ ಬಂದಿದ್ದ ಉದ್ದನೆಯ ಮರದ ಪೆಟ್ಟಿಗೆಯಲ್ಲಿ ತಮ್ಮ ಶಾಲು ಹಾಸಿ ಅವಳನ್ನು ಮಲಗಿಸಿದವರು ಅಕ್ಕ. “ಮೇಲೆ ಎಳೆದು ಮುಚ್ಚೋ ಮುಚ್ಚಳ ಇಲ್ಲ, ಪರೀಕ್ಷೆ ಬೇಡ, ಪಾಸು” ಎಂದು ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಮೇಲೆ ಸಹಿಯನ್ನೂ ಹಾಕಿದ್ದರು. ಮಧ್ಯಾಹ್ನ ಊಟದ ಡಬ್ಬಿ ಬದಿಗಿಟ್ಟು ನನಗೆ ನಕ್ಷೆ ಓದುವುದನ್ನು ಕಲಿಸಿದವರೂ ಅವರೇ. ನನಗೆ ಯಾರೂ ಅದುವರೆಗೆ ಏನನ್ನೂ ಎರಡು ಸಲ ವಿವರಿಸಿರಲಿಲ್ಲ. ಅಕ್ಕ ನಾಲ್ಕು ಸಲ ವಿವರಿಸುತ್ತಿದ್ದರು, ನಾಲ್ಕನೆಯ ಸಲವೂ ನಿಟ್ಟುಸಿರಿಲ್ಲದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಡ್ರೈವರ್ ಮಾವನ ವಿಮಾನದ ಪರೀಕ್ಷೆ ಮುಗಿದು ಅಕ್ಕನ ಸಹಿಯೂ ಬಿದ್ದಿತ್ತು. ಕತ್ತಿನ ಹತ್ತಿರ ಗಾಳಿ ಬರುತ್ತದೆಂದು ಮಾವ ಹೇಳಿದ್ದು ನೆನಪಾಗಿ, ಮುಂದಿನ ವಾರ ನನ್ನನ್ನು ಒಂದು ಸುತ್ತು ಕರೆದೊಯ್ಯುವುದಾಗಿ ಮಾತು ಕೊಟ್ಟಿದ್ದಾರಲ್ಲ ಎಂಬ ಸಂತೋಷದಲ್ಲಿ, ನಾನು ಹಳೆಯ ರಬ್ಬರು ಕಿತ್ತು ದಪ್ಪ ರಬ್ಬರು ಅಂಟಿಸಿದೆ. ಎರಡೇ ಮಿಲಿಮೀಟರು ಹೆಚ್ಚು. ಯಾರಿಗೂ ಹೇಳಲಿಲ್ಲ, ಇದೂ ಹೇಳುವಂಥ ವಿಷಯವೇ ಎಂದುಕೊಂಡೆ. ಆ ಎರಡು ಮಿಲಿಮೀಟರು ಮುಚ್ಚಳವನ್ನು ಎತ್ತಿ ಹಿಡಿದಿತ್ತು. ಚಿಲಕದ ಹಿಡಿ ಪೂರ್ತಿ ಮಲಗುತ್ತಿತ್ತು, ಒಳಗಿನ ಕೊಕ್ಕೆ ಮಾತ್ರ ತುದಿಯಲ್ಲಷ್ಟೇ ಸಿಕ್ಕಿಕೊಳ್ಳುತ್ತಿತ್ತು. ಮರುದಿನ ಮಾವ ಮುನ್ನೂರು ಅಡಿ ಏರುವಷ್ಟರಲ್ಲಿ ಮುಚ್ಚಳ ತೆರೆದುಕೊಂಡಿತು.

ಅವರು ಒಂದು ಸುತ್ತು ಹಾಕಿ ಇಳಿದರು. ರನ್‌ವೇ ಪಕ್ಕದಲ್ಲಿ ಓಡುತ್ತ ಹೋದ ಅಕ್ಕನಿಗೆ ಮಾವ ಹೇಳಿದ ಮೊದಲ ಮಾತು ನನಗಿನ್ನೂ ಕೇಳಿಸುತ್ತದೆ. “ಟೋಪಿ ಹೋಯ್ತು, ನಕ್ಷೆ ಹೋಯ್ತು, ಕೈ ಮಾತ್ರ ಏಳ್ಲಿಲ್ಲ ಕಣಮ್ಮ. ನಿಮ್ಮ ಅಡಿಕೋಲು ಕಣ್ಮುಂದೆ ಬಂತು.”

ಸಂಘದ ಸಭೆ ಸೇರಿತು. ವಯಸ್ಸಾಯಿತು, ಚಿಲಕ ಹಾಕಲು ಮರೆತಿದ್ದಾರೆ, ಹಾರಲು ಇನ್ನು ಅನುಮತಿ ಬೇಡ ಎಂಬ ಮಾತು ಬಂತು. ರಬ್ಬರು ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು. ಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಕೆಲಸ ಹೋದೀತೆಂಬ ಭಯಕ್ಕಿಂತ ಅಕ್ಕನ ಮುಖ ನೋಡಬೇಕಲ್ಲ ಎಂಬ ಭಯ ದೊಡ್ಡದಾಗಿತ್ತು. ಅಕ್ಕ ಸಭೆಯನ್ನೇ ಎಬ್ಬಿಸಿ ವಿಮಾನದ ಬಳಿಗೆ ಕರೆತಂದರು. ಮಾವನನ್ನು ಕೂರಿಸಿ ಮುಚ್ಚಳ ಹಾಕಿಸಿದರು. ಹಿಡಿ ಮಲಗಿತು. ಅಂಗೈಯಲ್ಲಿ ಒಂದು ಸಲ ತಳ್ಳಿದರು, ಮುಚ್ಚಳ ಎದ್ದಿತು.

“ಇವರು ಮರೆತಿಲ್ಲ. ನನ್ನ ಪರೀಕ್ಷೆ ಆದ್ಮೇಲೆ ರಬ್ಬರು ಬದಲಾಗಿದೆ. ಆಮೇಲೆ ಏನಾದ್ರೂ ಬದಲಾಯ್ತಾ ಅಂತ ಕೇಳೋ ಪದ್ಧತಿ ನಾನು ಇಟ್ಟಿರ್ಲಿಲ್ಲ. ತಪ್ಪು ಬರೆಯೋದಾದ್ರೆ ಮೊದಲು ನನ್ನ ಹೆಸರು ಬರೀರಿ.”

“ರಬ್ಬರು ಹಾಕಿದ್ದು ನಾನು” ಎಂದೆ. ಅದು ನನ್ನದೇ ದನಿ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

ಅಕ್ಕ ತಿರುಗಿ ನೋಡಲಿಲ್ಲ. “ಕೇಳಿಸ್ತಲ್ಲ? ಇದು ಎರಡನೇ ಹೆಸರು” ಎಂದು ಬರೆಯುವವರಿಗೆ ಹೇಳಿದರು, ಅಷ್ಟೇ. ಎಲ್ಲರೂ ಹೋದ ಮೇಲೆ ಕೇಳಿದರು: “ಮೂರು ದಿನ ಯಾಕೆ ಸುಮ್ನಿದ್ದೆ?”

“ಹೆದರಿಕೆ ಆಯ್ತಕ್ಕ.”

“ಆಗುತ್ತೆ. ಹೆದರ್ಕೊಂಡೇ ಹೇಳೋದನ್ನ ಕಲಿ.”

ಆ ಸಂಜೆ ನನ್ನ ಚೀಲದಲ್ಲಿದ್ದ ಕೆಂಪು ಉಗುರುಬಣ್ಣ ತೆಗೆಸಿ, ಕೊಕ್ಕೆಯ ಮೇಲೆ ಒಂದು ಗೆರೆ ಎಳೆಸಿದರು. ಕೊಕ್ಕೆ ಪೂರ್ತಿ ಒಳಗೆ ಹೋದರೆ ಗೆರೆ ಮರೆಯಾಗುತ್ತದೆ. ಗೆರೆ ಕಂಡರೆ ಮುಚ್ಚಳ ತೆರೆದಿದೆ ಎಂದೇ ಅರ್ಥ, ಹಿಡಿ ಏನೇ ಹೇಳಲಿ. ಇಂದು ನಮ್ಮ ಸಂಘದ ಇನ್ನೂರ ಹದಿನಾಲ್ಕು ವಿಮಾನಗಳಲ್ಲೂ ಆ ಗೆರೆಯಿದೆ. ಪರೀಕ್ಷೆಯ ನಂತರ ಬಟ್ಟೆಯ ದಾರ ಬದಲಾದರೂ ಮರುಪರೀಕ್ಷೆ ಎಂಬ ನಿಯಮವಿದೆ. ಅಂದಿನಿಂದ ಇಂದಿನವರೆಗೆ ಒಂದು ಮುಚ್ಚಳವೂ ಆಕಾಶದಲ್ಲಿ ತೆರೆದಿಲ್ಲ. ಈ ವಾಕ್ಯವನ್ನು ಅಳುಕಿಲ್ಲದೆ ಬರೆಯುತ್ತಿದ್ದೇನೆ. ಹಾಗೆ ಬರೆಯಬಲ್ಲ ಹಕ್ಕನ್ನು ಗಳಿಸಿಕೊಟ್ಟವರು ಅವರು.

ಮುಂದಿನ ಸೋಮವಾರ ಪರೀಕ್ಷಕಿಯ ತರಬೇತಿಗೆ ಅರ್ಜಿ ನಮೂನೆಯನ್ನು ನನ್ನ ಹೊಲಿಗೆ ಯಂತ್ರದ ಮೇಲೆ ಇಟ್ಟು ಹೋದರು. ಕುಳ್ಳಿಯಾದ ನನಗೆ ಸೀಟಿನಲ್ಲಿ ಕೂತರೆ ಗೆರೆ ಇರುವ ಜಾಗವೇ ಕಾಣುತ್ತಿರಲಿಲ್ಲ. ಬೆರಳಿನಿಂದ ಅಳೆದು, “ನಿನಗೆ ಆರು ಬೆರಳು ದಪ್ಪದ ಕುಶನ್ ಬೇಕು ಕಣೆ. ನಮ್ಮ ಸಂಘದಲ್ಲೇ ಇದು ದಾಖಲೆ” ಎಂದು ನಕ್ಕಿದ್ದರು. ನಾನು ಪರೀಕ್ಷಕಿಯಾದೆ. ನೆಲದ ಮೇಲೆ ನಿಂತ ವಿಮಾನಗಳಲ್ಲಿ ಸಾವಿರ ಸಲ ಕೂತೆ. ಹಾರಲಿಲ್ಲ. ಡ್ರೈವರ್ ಮಾವ ಬದುಕಿರುವವರೆಗೂ ಕರೆದರು. ನನಗೆ ನೆಲವೇ ಸಾಕು ಮಾವ ಎಂದೆ. ಅಕ್ಕ ವರ್ಷಕ್ಕೊಂದು ಸಲ ಮಾತ್ರ “ಬರ್ತೀಯಾ?” ಎನ್ನುತ್ತಿದ್ದರು, ಚಹಾ ಬೇಕಾ ಎಂದು ಕೇಳುವ ದನಿಯಲ್ಲಿ. ಹದಿನೆಂಟು ಸಲ ಇಲ್ಲವೆಂದಿದ್ದೇನೆ.

ಕಳೆದ ವಾರ ಹಳದಿ ವಿಮಾನದ ಕೊನೆಯ ಪರೀಕ್ಷೆ. ಪ್ರಯೋಗದ ಹಾರಾಟಗಳನ್ನು ಅಕ್ಕ ಒಬ್ಬರೇ ಮುಗಿಸಿದ್ದರು. ಅವರನ್ನು ಸೀಟಿನಲ್ಲಿ ಕೂರಿಸಿ ಮುಚ್ಚಳ ಹಾಕಿಸಿದೆ. ಹಿಡಿ ಮಲಗಿತು. ಬಗ್ಗಿ ನೋಡಿದೆ. ಕೆಂಪು ಕಂಡಿತು. ಪಕ್ಕದಲ್ಲಿ ಅಧ್ಯಕ್ಷರು ಪೆನ್ನು ಹಿಡಿದು ನಿಂತಿದ್ದರು.

“ಅಕ್ಕಾ, ಗೆರೆ ಕಾಣ್ತಿದೆ.”

“ಎಷ್ಟು?”

“ಕೂದಲೆಳೆಯಷ್ಟು.”

ಅಧ್ಯಕ್ಷರು ನಕ್ಕರು. “ಕೂದಲೆಳೆಗೆಲ್ಲ ತಲೆ ಕೆಡಿಸ್ಕೋಬೇಡಮ್ಮ. ಆಹ್ವಾನಪತ್ರ ಹಂಚಿಯಾಗಿದೆ. ಅದೂ ಯಾರ ವಿಮಾನ? ಚಿಲಕದಕ್ಕನದ್ದು!”

ನನಗೆ ಅಕ್ಷರ ಕಲಿಸಿದಂತೆ ಚಿಲಕ ಕಲಿಸಿದವರ ಮುಂದೆ, ಅವರ ಹನ್ನೆರಡು ವರ್ಷದ ಶ್ರಮದ ಮುಂದೆ, ನಾನು ಯಾರು? ಹೆದರಿಕೊಂಡೇ ಹೇಳಿದೆ: “ಮುಚ್ಚಿಲ್ಲ. ಸಹಿ ಹಾಕಲ್ಲ.”

ಅಧ್ಯಕ್ಷರು ಅಕ್ಕನ ಕಡೆ ನೋಡಿದರು. “ನನ್ನನ್ನ ಯಾಕೆ ನೋಡ್ತೀರಿ? ಪರೀಕ್ಷಕಿ ಅವಳು” ಎಂದು ಅಕ್ಕ ಇಳಿದರು. ಅಂಚಿನ ಮೇಲೆ ಬೆರಳಾಡಿಸಿ, ಹಿಂದೆ ನಿಂತಿದ್ದ ಯಜಮಾನರತ್ತ ತಿರುಗಿದರು. “ಇದು ಯಾವಾಗ?”

ಗಡಿಯಾರ ರಿಪೇರಿ ಮಾಡಿ ಜೀವನ ಕಳೆದ ಭಾವ ತಲೆ ಕೆರೆದುಕೊಂಡರು. “ನಿನ್ನೆ. ನಿನ್ನ ಕತ್ತಿಗೆ ಗಾಳಿ ಬಡೀತಿತ್ತಲ್ಲ... ಸ್ವಲ್ಪ ದಪ್ಪಂದು ಹಾಕ್ದೆ.”

ಅಕ್ಕ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಯಾಕೆಂದು ತಿಳಿಯದೆ ಭಾವನೂ ನಕ್ಕರು. ರಬ್ಬರನ್ನು ಅಕ್ಕನೇ ಕಿತ್ತರು. ಸರಿಯಾದ ಅಳತೆಯ ಹೊಸದನ್ನು ತರಿಸಿ, ಅಂಟಿಸಿ, ಅಂಟು ಒಣಗಿ, ಮರುಪರೀಕ್ಷೆ ಮುಗಿಯುವಷ್ಟರಲ್ಲಿ ಸಮಾರಂಭ ಕಳೆದಿರುತ್ತದೆ. ಆದ್ದರಿಂದ, ಆಹ್ವಾನಪತ್ರ ಏನೇ ಹೇಳಲಿ, ಓದುಗರೇ, ಅಂದು ಹಳದಿ ವಿಮಾನ ನೆಲದ ಮೇಲೆಯೇ ನಿಂತಿರುತ್ತದೆ. ಅದರ ಪಕ್ಕದಲ್ಲಿ ಒಂದು ಗಳಿಗೆ ನಿಲ್ಲಿ. ಅಕ್ಕನ ಮೂವತ್ತಾರು ವರ್ಷದ ಸೇವೆಗೆ ಅದಕ್ಕಿಂತ ದೊಡ್ಡ ಗೌರವ ಇಲ್ಲವೆಂದು ಅವರೂ ಒಪ್ಪಿದ್ದಾರೆ.

ಅಕ್ಕನ ಆಯುಷ್ಯ, ಆರೋಗ್ಯ ಎರಡೂ ಅವರ ಚಿಲಕಗಳಷ್ಟೇ ಗಟ್ಟಿಯಾಗಿರಲಿ. ನಿವೃತ್ತಿಯ ನಂತರವೂ ಬೆಳಿಗ್ಗೆ ಎಂಟಕ್ಕೆ ಅವರು ಬಂದೇ ಬರುತ್ತಾರೆಂದು ಗೊತ್ತಿದ್ದೂ ಹಾರೈಸುತ್ತೇನೆ: ಗಾಜು ಒರೆಸುವವರ ಗೊಣಗಾಟ ಇನ್ನೂ ಬಹುಕಾಲ ನಿಲ್ಲದಿರಲಿ.

ಇನ್ನೊಂದು ಕೆಲಸ ಉಳಿದಿತ್ತು. ಹಳದಿ ವಿಮಾನದ ಎರಡನೆಯ ಸೀಟಿಗೆ ಕುಶನ್ ಆಗಿಲ್ಲವೆಂದು ಅಕ್ಕ ನೆನಪಿಸಿದ್ದರು; ಯಾರ ಅಳತೆಗೆ ಎಂದು ಅವರು ಹೇಳಲಿಲ್ಲ, ಈ ವರ್ಷದ “ಬರ್ತೀಯಾ?” ಕೂಡ ಇನ್ನೂ ಕೇಳಿಲ್ಲ. ನಿನ್ನೆ ಸಂಜೆ ಹಳೆಯ ಹೊಲಿಗೆ ಯಂತ್ರದ ಹೊದಿಕೆ ತೆಗೆದು, ಸ್ಪಂಜು ಕತ್ತರಿಸಿ, ನಾಲ್ಕು ಅಂಚೂ ಹೊಲಿದು ಮುಗಿಸಿದೆ. ಯಾರಿಗೂ ಹೇಳಿಲ್ಲ. ಆರು ಬೆರಳು ದಪ್ಪವಿದೆ.