ಬ್ಲೀಚಿಂಗ್ ಪೌಡರ್ ನಿಲ್ಲಿಸಿದವರು ಯಾರು?

ಕಳೆದ ಮಂಗಳವಾರ ಹೆಗ್ಗಡದೇವನಕೋಟೆಯ ನಮ್ಮ ಆಫೀಸಿನಲ್ಲಿ ಶುದ್ಧ ನೀರಿನ ತರಬೇತಿ ಇತ್ತು. ವೇದಿಕೆಯ ಮೇಲಿದ್ದವರ ಮುಂದೆ ಸೀಲ್ ಮಾಡಿದ ಬಾಟಲಿ. ಕೆಳಗೆ ಕೂತ ನಮಗೆ ಟ್ಯಾಂಕಿನ ನೀರು. (ಯಾರೂ ಮುಟ್ಟಲಿಲ್ಲ.)

ಈ ತರಬೇತಿ ನಮಗೆ ಯಾಕೆ ಬಂತು? ನನ್ನ ಹೆಂಡತಿ ನಾಗರತ್ನ ಸತ್ತಳು, ಅದಕ್ಕೆ. ಅವಳು ಇದೇ ಆಫೀಸಿನಲ್ಲಿ ಟೈಪಿಸ್ಟ್, ನಾನು ಗುಮಾಸ್ತ. ಎರಡು ತಿಂಗಳ ಹಿಂದೆ ಬೀದಿಯ ಪೈಪು ಒಡೆದು ಚರಂಡಿ ನೀರು ನಮ್ಮ ಟ್ಯಾಂಕಿಗೆ ಸೇರಿತು. ಆರು ಜನರಿಗೆ ಟೈಫಾಯ್ಡ್. ಐದು ಜನ ರಜೆ ಮುಗಿಸಿ ಕೆಲಸಕ್ಕೆ ಬಂದರು. ಅವಳು ಬರಲಿಲ್ಲ.

ಪಾಠ ಮಾಡಲು ಮೈಸೂರಿನ ಲ್ಯಾಬಿನಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ಚೆನ್ನಾಗಿಯೇ ಹೇಳಿದರು. ಟ್ಯಾಂಕಿನ ಮುಚ್ಚಳ ಭದ್ರವಾಗಿರಬೇಕು, ತಳದ ಕೆಸರು ತೆಗೆಯಬೇಕು, ಬ್ಲೀಚಿಂಗ್ ಪೌಡರ್ ಅಳೆದು ಹಾಕಬೇಕು. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಎರಡು ಹನಿ ಔಷಧಿ ಬಿಟ್ಟು ತೋರಿಸಿದರು. ಹಳದಿಯಾದರೆ ಕ್ಲೋರಿನ್ ಇದೆ ಎಂದರ್ಥ.

"ಸ್ವಲ್ಪ ವಾಸನೆ ಬಂದ್ರೆ ಬೈಬೇಡಿ, ಪುಣ್ಯ ಅಂದ್ಕೊಳ್ಳಿ. ಬ್ಯಾಕ್ಟೀರಿಯಾ ಸಾಯೋದೇ ಅದರಿಂದ" ಅಂದರು.

ನನಗೆ ಅಲ್ಲಿ ಕೂರಲು ಆಗಲಿಲ್ಲ. ಯಾಕೆ ಗೊತ್ತಾ?

ನಮ್ಮ ವಾಟರ್‌ಮನ್ ಜವರಯ್ಯ ಮೊದಲೆಲ್ಲ ತಪ್ಪದೆ ಪೌಡರ್ ಹಾಕುತ್ತಿದ್ದ. ನಾವು ಅವನನ್ನು ಸುಮ್ಮನೆ ಬಿಟ್ಟೆವೇ? "ಏನ್ಲಾ ಜವರಯ್ಯ, ನಾವು ಕಾಪಿ ಕುಡೀಬೇಕೋ ಫಿನಾಯಿಲ್ ಕುಡೀಬೇಕೋ?" ಅಂತ ದಿನಾ ಗೇಲಿ. "ವಾಸ್ನೆಗೆಲ್ಲ ಯಾರೂ ಸಾಯಕಿಲ್ಲ ಬುಡಿ ಸಾ" ಅಂತ ಅವನೂ ನಗುತ್ತಿದ್ದ.

ನಾಗರತ್ನಳಿಗೆ ಮಾತ್ರ ಆ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಸಂಜೆವರೆಗೂ ನೀರು ಮುಟ್ಟುತ್ತಿರಲಿಲ್ಲ. ಒಂದು ದಿನ ತಲೆ ಸುತ್ತಿ ಟೈಪ್‌ರೈಟರ್ ಮೇಲೇ ಒರಗಿದಳು. ಅವತ್ತು ನಾನು ಜವರಯ್ಯನನ್ನು ಮೆಟ್ಟಿಲ ಹತ್ತಿರ ಕರೆದೆ.

"ನಮ್ಮನೆಯವ್ಳು ನೀರೇ ಕುಡೀತಿಲ್ಲ ಕಣಯ್ಯಾ. ಪೌಡರ್ ನಿಲ್ಸಿಬುಡು. ಯಾರಾದ್ರೂ ಕೇಳಿದ್ರೆ ನಾನ್ ನೋಡ್ಕೋತೀನಿ."

"ಅಕ್ಕೋರಿಗೋಸ್ಕರ ಅಂದ್ರೆ ಆಗ್ಲಿ ಬುಡಿ ಸಾ" ಅಂದ. ನಿಲ್ಲಿಸಿಯೂ ಬಿಟ್ಟ. ಕೆಲವೇ ದಿನಗಳಲ್ಲಿ ಅವಳು ಊಟಕ್ಕೆ ಕೂತಾಗ ಎರಡು ಲೋಟ ನೀರು ಕುಡಿದಳು. ನನಗೆ ಎಷ್ಟು ಖುಷಿಯಾಗಿತ್ತು ಅಂತೀರಿ!

ಆಮೇಲೆ ಪೈಪು ಒಡೆಯಿತು. ಪರೀಕ್ಷೆ ಮಾಡಿದಾಗ ನೀರಿನಲ್ಲಿ ಕ್ಲೋರಿನ್ನಿನ ಸುಳಿವೇ ಇರಲಿಲ್ಲ.

ತರಬೇತಿಯ ಕೊನೆಗೆ ಸಾಹೇಬರು ಜವರಯ್ಯನನ್ನು ಎಲ್ಲರ ಎದುರು ನಿಲ್ಲಿಸಿದರು. "ಪೌಡರ್ ಹಾಕೋದು ಯಾಕಯ್ಯಾ ನಿಲ್ಲಿಸ್ದೆ? ಯಾರು ಹೇಳಿದ್ರು?"

ಅವನು ಒಮ್ಮೆ ನನ್ನ ಕಡೆ ನೋಡಿದ. "ಯಾರೂ ಯೇಳ್ನಿಲ್ಲ ಸ್ವಾಮಿ. ಮರ್ತೋದೆ."

"ಉಣ್ಣೋದು ಮರೀತೀಯೇನ್ಲಾ?" ಅಂತ ಹಿಂದಿನ ಸಾಲಿನಿಂದ ಒಬ್ಬರು ಅಂದರು. ಕೆಲವರು ನಕ್ಕರು. ಫಿನಾಯಿಲ್ ಎಂದು ಗೇಲಿ ಮಾಡಿದ್ದು ಇದೇ ಬಾಯಿಗಳು.

ನಾನು ಎದ್ದು ನಿಂತೆ. "ನಾನೇ ಸರ್ ಹೇಳಿದ್ದು."

ಸಾಹೇಬರ ದನಿ ಮೆತ್ತಗಾಯಿತು. "ಕೂತ್ಕೊಳ್ಳಿ. ನಿಮ್ಮ ದುಃಖ ನಮಗೂ ಅರ್ಥ ಆಗುತ್ತೆ." ಪಕ್ಕದವರು ಹೆಗಲು ಹಿಡಿದು ಕೂರಿಸಿದರು. ಹೆಂಡತಿ ಸತ್ತವನು ಏನು ಹೇಳಿದರೂ ಅದು ಅಳುವೇ ತಾನೆ?

ಸಂಜೆ ಜವರಯ್ಯನನ್ನು ಗೇಟಿನ ಹತ್ತಿರ ಹಿಡಿದೆ. "ಯಾಕಯ್ಯಾ ಸುಳ್ಳು ಹೇಳ್ದೆ?"

"ಅಕ್ಕೋರೇ ಓಗ್ಬುಟ್ರು. ಇನ್ ನಿಮ್ಮನ್ ಬೇರೆ ಸಾಯ್ಸಾದಾ ಸಾ?"

ಅವನು ದಿನಗೂಲಿಯವನು. ಮನೆಗೆ ಕಳಿಸಲು ಒಂದು ಮೆಮೊ ಸಾಕು. ಆ ಮೆಮೊ ಬರೆಯುವ ಕೆಲಸ ಮಾರನೇ ದಿನ ನನಗೇ ಬಂತು. (ಟೈಪಿಸ್ಟ್ ಕುರ್ಚಿ ಇನ್ನೂ ಖಾಲಿ ಇದೆಯಲ್ಲ.) ಅವಳ ಜಾಗದಲ್ಲಿ ಕೂತು ಒಂದೊಂದೇ ಅಕ್ಷರ ಕುಟ್ಟಿದೆ. ಪೌಡರ್ ನಿಲ್ಲಿಸಿದ ತಪ್ಪಿತಸ್ಥರು ಎಂಬ ಕಡೆ ನನ್ನ ಹೆಸರನ್ನೇ ಹಾಕಿ ಸಾಹೇಬರ ಸಹಿಗೆ ಒಳಗೆ ಕಳಿಸಿದೆ.

ನಿನ್ನೆ ವಾಪಸ್ ಬಂದಿದೆ. ಅಂಚಿನಲ್ಲಿ ಕೆಂಪು ಇಂಕಿನಲ್ಲಿ, "ಹೆಸರು ತಪ್ಪಾಗಿದೆ. ಸರಿಪಡಿಸಿ."

ಎಲ್ಲಿ ತಪ್ಪಿದೆ, ನಿಮಗೇನಾದರೂ ಕಾಣುತ್ತಾ?